ತೆರೆ ದಾಟದ ಹೆಸರಿನ ಬಗ್ಗೆ ತಕರಾರು

ಅಳ್ವೆಕೋಡಿ, ಭಟ್ಕಳ ತಾಲೂಕು
ಮೇ ತಿಂಗಳು, ೧೯೮೪

‘ನೂತನ ನಾಮಸೌರಭ’ ಎಂಬ ಪುಸ್ತಕ ಬರೆದ ನಾಮತಜ್ಞ ಶ್ರೀ ಸುಧಾಂಶುಕಿರಣ ಅವರ ಸನ್ನಿಧಾನಕ್ಕೆ, ಕುಮಟಾ.

ಮಾನ್ಯರೇ,

ಅಳ್ವೆಕೋಡಿಯ ಈರ ಜಟ್ಟ ಮೊಗೇರನು ಕೈಕಾಲು ತೊಳೆದು, ಕನ್ನಡಕ ಒರೆಸಿ, ಇಡಗುಂಜಿ ಗಣಪತಿಯನ್ನು ನೆನೆದು ತಮಗೆ ಮಾಡುವ ನಮಸ್ಕಾರಗಳು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಐವತ್ತು ವರ್ಷ ಬಲೆ ಎಳೆದವನು, ಆದ್ದರಿಂದ ಅಕ್ಷರ ದಪ್ಪ, ಮಾತು ಅದಕ್ಕಿಂತ ದಪ್ಪ. ಮೊದಲು ಬರೆದ ಕಾಗದದಲ್ಲಿ ತಮ್ಮನ್ನು ಬೇರೆ ರೀತಿಯಲ್ಲಿ ಸಂಬೋಧಿಸಿದ್ದೆ. ಸೊಸೆ ಶ್ರೀಮತಿ ಅದನ್ನು ಓದಿ, ಮಾವ, ಇದನ್ನು ಪೋಸ್ಟಿನವರು ಕೈಯಲ್ಲೂ ಮುಟ್ಟೂದಿಲ್ಲ ಎಂದದ್ದರಿಂದ ಒಲೆಗೆ ಹಾಕಿ, ಇದನ್ನು ಮರ್ಯಾದೆಯಿಂದ ಬರೆಯುತ್ತಿದ್ದೇನೆ. ಊರವರೂ ಓದಲಿ ಎಂದು ಒಂದು ಪ್ರತಿಯನ್ನು ಮೀನುಗಾರರ ಸೊಸೈಟಿಯ ಬೋರ್ಡಿಗೆ ಅಂಟಿಸಿದ್ದೇನೆ.

ತಮ್ಮ ಪುಸ್ತಕ ಬರುವ ತನಕ ನಮ್ಮಲ್ಲಿ ಹೆಸರು ಹುಡುಕುವ ಕಷ್ಟವೇ ಇರಲಿಲ್ಲ ಎಂಬುದನ್ನು ತಾವು ಕ್ಷಮಿಸಬೇಕು. ಸತ್ತವರು ಎದ್ದು ಹೋದಾಗ ಹೆಸರು ಖಾಲಿ ಆಗುತ್ತಿತ್ತು, ಹುಟ್ಟಿದವರು ಬಂದು ಅದರಲ್ಲಿ ಕೂರುತ್ತಿದ್ದರು, ಹೊನ್ನಾವರ ಬಸ್ಸಿನ ಸೀಟಿನ ಹಾಗೆ. ಅಜ್ಜನ ಹೆಸರು ನನಗೆ ಬಂತು, ನನ್ನ ಅಬ್ಬೆಯ ಹೆಸರು ಮಗಳು ಮಂಜಿಗೆ ಹೋಯಿತು. ಯಾರಿಗೂ ತಲೆಬಿಸಿ ಇಲ್ಲ. ಹೆಸರಿನ ಅರ್ಥ ಎಂತ ಎಂದು ಕೇಳಿದವನನ್ನು ನಾನಂತೂ ಕಂಡಿಲ್ಲ. ಈರ ಎಂದರೆ ಈರ, ಕರೆದರೆ ಬರಬೇಕು, ಅಷ್ಟೇ ಅರ್ಥ.

ಹೀಗಿರುವಾಗ ಮೂರು ವರ್ಷದ ಹಿಂದೆ ನನಗೆ ಮೊಮ್ಮಗಳು ಹುಟ್ಟಿದಳು. ಐಸ್ ಕಾರ್ಖಾನೆಯಲ್ಲಿ ಗುಮಾಸ್ತನಾದ ನನ್ನ ಮಗ ಶಾಂತಾರಾಮ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಪುಸ್ತಕ ಕೊಂಡು ತಂದ, ಇಪ್ಪತ್ತಮೂರನೇ ಪುಟ ಮಡಚಿದ, ಹನ್ನೆರಡನೇ ದಿವಸ ತೊಟ್ಟಿಲ ಮುಂದೆ ನಿಂತು ‘ತ್ವಿಷಿಕಾ’ ಎಂದ. ಬೆಳಕಿನ ಕಿರುಹನಿ ಎಂದು ಅರ್ಥವಂತೆ, ಬೇರೆ ಯಾರಿಗೂ ಇಲ್ಲದ ಹೆಸರಂತೆ. ಸೋದರತ್ತೆ ಮೂರು ಸಲ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದದ್ದು ಪದ್ಧತಿ. ನನ್ನ ಮಗಳು ಮಂಜಿ ಮೊದಲ ಸಲ ತಡವರಿಸಿದಳು, ಎರಡನೇ ಸಲ ನಾಲಿಗೆ ಕಚ್ಚಿಕೊಂಡಳು, ಮೂರನೇ ಸಲ ಎಂಜಲು ಹಾರಿ ಮಗು ಚೀರಿತು. ನನಗೋ ಮುಂದಿನ ಎರಡು ಹಲ್ಲಿಲ್ಲ. ನಾನು ಆ ಹೆಸರು ಹೇಳಹೋದರೆ ಬೆಕ್ಕು ಓಡಿ ಹೋಗುತ್ತದೆ. ಇಷ್ಟು ಶಕ್ತಿ ಇರುವ ಹೆಸರನ್ನು ಹೊಸೆದ ತಮ್ಮ ಪಾಂಡಿತ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಬೇರೆ ಯಾರಿಗೂ ಇಲ್ಲದ ಹೆಸರು ಎಂದು ತಾವು ಅಚ್ಚು ಹಾಕಿಸಿದ್ದು ಖಂಡಿತ ಸತ್ಯ, ಆದರೆ ಪುಸ್ತಕ ನಮ್ಮ ಮನೆಯಲ್ಲಿ ಇದ್ದಷ್ಟು ದಿವಸ ಮಾತ್ರ. ಪಕ್ಕದ ಮನೆ ಮಾಸ್ತಮ್ಮ ತನ್ನ ಮಗಳ ಬಾಳಂತನಕ್ಕೆಂದು ಅದನ್ನು ಕೇಳಿ ಒಯ್ದಳು, ಅವಳಿಂದ ಸೋಮನ ಮನೆಗೆ ಹೋಯಿತು, ಅಲ್ಲಿಂದ ಇನ್ನೊಂದು ಮನೆಗೆ. ಶಾಂತಾರಾಮ ಮಡಚಿದ ಪುಟ ಮಡಚಿದ ಹಾಗೇ ಇತ್ತು. ಎಲ್ಲರೂ ತೆಗೆದ ಕೂಡಲೇ ಅದೇ ಪುಟ ತೆರೆದುಕೊಂಡಿತು, ದೇವರೇ ತೋರಿಸಿದ ಎಂದುಕೊಂಡರು. ಈಗ ನಮ್ಮ ಬಾಲವಾಡಿಯಲ್ಲಿ ನಾಲ್ಕು ತ್ವಿಷಿಕಾ ಇದ್ದಾರೆ: ಒಂದು ದೊಡ್ಡದು, ಒಂದು ಸಣ್ಣದು, ಒಂದು ಮೂಗು ಸೋರುವುದು, ಮತ್ತೊಂದು ನಮ್ಮದು. ಒಬ್ಬಳನ್ನು ಕರೆದರೆ ನಾಲ್ಕೂ ಬರುತ್ತವೆ ಎಂದು ಬೇಸತ್ತು ತಾಯಂದಿರು ಪುಟ್ಟಿ ಎಂದು ಕರೆಯಲು ಶುರುಮಾಡಿದರು. ಈಗ ಕೇರಿಯ ಹನ್ನೆರಡು ಪುಟ್ಟಿಗಳೂ ಓಡಿ ಬರುತ್ತವೆ.

ಇನ್ನೊಂದು ವಿಷಯ. ತಾವು ಹೆಸರು ಹೊಸೆಯುವುದು ಬಹುಶಃ ಫ್ಯಾನಿನ ಕೆಳಗೆ ಕುಳಿತು. ನಮ್ಮಲ್ಲಿ ಹೆಸರು ಎಂದರೆ ತೆರೆ ದಾಟಬೇಕು. ದಡದಲ್ಲಿ ನಿಂತು, ಎದುರು ಗಾಳಿಗೆ, ದೋಣಿಯಲ್ಲಿದ್ದವನನ್ನು ಕರೆಯಬೇಕು. ದಾಸ ದಾಟುತ್ತದೆ, ಬೆಳ್ಳಿ ದಾಟುತ್ತದೆ. ತ್ವಿಷಿಕಾ ಮೊದಲನೇ ತೆರೆಯಲ್ಲೇ ಒದ್ದೆಯಾಗಿ ಬಿದ್ದುಹೋಗುತ್ತದೆ, ನಾನು ನಿಂತು ನೋಡಿದ್ದೇನೆ. ಆದ್ದರಿಂದ ತಾವು ದಯಮಾಡಿ ಒಂದು ದಿವಸ ಅಳ್ವೆಕೋಡಿಗೆ ಚಿತ್ತೈಸಿ, ಮೊಣಕಾಲು ನೀರಿನಲ್ಲಿ ನಿಂತು, ತಮ್ಮ ಪುಸ್ತಕದ ಮುನ್ನೂರು ಹೆಸರುಗಳನ್ನೂ ಸಮುದ್ರಕ್ಕೆ ಮುಖ ಮಾಡಿ ಕೂಗಬೇಕು. ದಾಟಿದ್ದನ್ನು ಇಟ್ಟು, ದಾಟದ್ದನ್ನು ಹೊಡೆದು ಹಾಕಬೇಕು. ಊಟಕ್ಕೆ ನಮ್ಮಲ್ಲೇ ಆಗಬಹುದು.

ಇಷ್ಟು ಸಿಟ್ಟು ಎಂತಕ್ಕೆ ಎಂದು ತಾವು ಕೇಳಬಹುದು. ಆ ತೊಟ್ಟಿಲಲ್ಲಿ ಬೇರೆ ಹೆಸರು ಮಲಗಬೇಕಾಗಿತ್ತು. ನನ್ನ ಹೆಂಡತಿ ಮೊಮ್ಮಗಳು ಹುಟ್ಟುವ ಹಿಂದಿನ ವರ್ಷ ತೀರಿಕೊಂಡಳು. ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಬಾಯಲ್ಲಿ ಎತ್ತುವ ರೂಢಿ ನಮ್ಮ ಕಾಲದಲ್ಲಿ ಇರಲಿಲ್ಲ, ಆಯುಸ್ಸು ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳಿದ್ದರು. ಶಾಂತಾರಾಮ ಹುಟ್ಟುವ ತನಕ ಕೆಮ್ಮಿ ಕರೆದೆ, ಹುಟ್ಟಿದ ಮೇಲೆ ಶಾಂತಾರಾಮನ ಅಬ್ಬೆ ಎಂದು ಕರೆದೆ. ಯಾವ ಕೆಮ್ಮು ಚಾಕ್ಕೆ, ಯಾವುದು ಬಲೆಗೆ, ಯಾವುದು ಬರೀ ಬಂದು ಕೂತುಕೋ ಎನ್ನಲಿಕ್ಕೆ, ಎಲ್ಲ ಅವಳಿಗೆ ಗೊತ್ತಿತ್ತು. ಕೊನೆಗೆ ಆಸ್ಪತ್ರೆಯಲ್ಲಿ ಕಂಪೌಂಡರು ರೋಗಿಯ ಹೆಸರು ಎಂತ ಎಂದು ಎರಡು ಸಲ ಕೇಳಿದಾಗಲೂ ನಾನು ಗೋಡೆ ನೋಡಿದೆ. ಪಕ್ಕದಲ್ಲಿದ್ದ ಮಾಸ್ತಮ್ಮ ಹೇಳಿದಳು. ಹೆಸರು ಎತ್ತದೇ ಇದ್ದರೂ ಆಯುಸ್ಸು ಮುಗಿಯಿತು. ಇನ್ನು ಮೊಮ್ಮಗಳಿಗೆ ಆ ಹೆಸರು ಬರುತ್ತದೆ, ಆಗ ಬಾಯಿ ತುಂಬ, ದಿವಸಕ್ಕೆ ಐವತ್ತು ಸಲ ಕರೆಯುವುದು ಎಂದು ನಾನು ಲೆಕ್ಕ ಹಾಕಿ ಕೂತಿದ್ದೆ. ಅಷ್ಟರಲ್ಲಿ ತಮ್ಮ ಇಪ್ಪತ್ತಮೂರನೇ ಪುಟ ಬಂತು.

ಈಗ ಮಂಜಿ ಬಸುರಿ, ಶ್ರಾವಣದಲ್ಲಿ ಹೆರಿಗೆ. ಹೆಣ್ಣಾದರೆ ಈ ಸಲವಾದರೂ ಅಬ್ಬೆಯ ಹೆಸರು ಇಡು ಎಂದು ಅವಳ ಹತ್ತಿರ ಬಾಯಿಬಿಟ್ಟು ಕೇಳಿದೆ. ಅವಳೂ ತಮ್ಮ ಪುಸ್ತಕ ತಿರುವುತ್ತಿದ್ದಾಳೆ. ಅಪ್ಪಾ, ಪುಸ್ತಕದಲ್ಲಿ ಇದ್ರೆ ಇಡುವಾ, ಇಲ್ದಿದ್ರೆ ಗಂಡನ ಮನೆಯವ್ರು ನಗಾಡ್ತಾರೆ ಎಂದಳು. ನಾನು ಕನ್ನಡಕ ಹಾಕಿಕೊಂಡು ‘ನ’ ಅಕ್ಷರ ಪೂರ್ತಿ ಹುಡುಕಿದೆ. ನವ್ಯಶ್ರೀ ಇದ್ದಾಳೆ, ನಿಹಾರಿಣಿ ಇದ್ದಾಳೆ. ಅವಳು ಇಲ್ಲ.

ಆದ್ದರಿಂದ ಮಹನೀಯರಲ್ಲಿ ನನ್ನ ಒಂದೇ ಅರಿಕೆ. ಶ್ರಾವಣಕ್ಕೆ ಮೊದಲು ಪುಸ್ತಕವನ್ನು ಇನ್ನೊಮ್ಮೆ ಅಚ್ಚು ಹಾಕಿಸಿ, ಒಂದು ಹೆಸರು ಸೇರಿಸಬೇಕು. ಹೊಚ್ಚ ಹೊಸದು, ಈಗಷ್ಟೇ ಹೊಸೆದದ್ದು ಎಂದು ಸುಳ್ಳು ಬರೆದರೂ ನನ್ನ ತಕರಾರಿಲ್ಲ. ಬಾಯಲ್ಲಿ ಎಂದೂ ಹೇಳದ ಆ ಹೆಸರನ್ನು ಕೈಯಲ್ಲಾದರೂ ಬರೆಯುತ್ತಿದ್ದೇನೆ, ತಪ್ಪಿಲ್ಲದೆ ಅಚ್ಚಾಗಲಿ: ನಾಗಿ. ಅರ್ಥ ಇಲ್ಲದೆ ತಮ್ಮ ಪುಸ್ತಕದಲ್ಲಿ ಜಾಗ ಸಿಗುವುದಿಲ್ಲ ಎಂದು ಗೊತ್ತು, ಅರ್ಥವನ್ನೂ ನಾನೇ ಕೊಡುತ್ತೇನೆ: ಕೆಮ್ಮಿದರೂ ತಿಳಿಯುವವಳು.

ಪುಟ ದಯಮಾಡಿ ತಾವೇ ಮಡಚಿ ಕಳಿಸಬೇಕು.

ತಮ್ಮ ವಿಶ್ವಾಸಿ, ಸದ್ಯಕ್ಕೆ ಶ್ರಾವಣದ ತನಕ,
ಈರ ಜಟ್ಟ ಮೊಗೇರ

ತಾ.ಕ.: ಮಾಸ್ತಮ್ಮನ ತಂಗಿಯನ್ನು ಕೊಟ್ಟದ್ದು ಕುಮಟೆಗೆ, ತಮ್ಮ ಮನೆಯ ಹಿಂದಿನ ಓಣಿಗೆ. ಪುಸ್ತಕದ ಮೇಲೆ ತಾವು ಸುಧಾಂಶುಕಿರಣರು ಎಂದಿದ್ದರೂ ಮಧ್ಯಾಹ್ನವಾದರೆ ತಮ್ಮ ತಾಯಿಯವರು ಹಿತ್ತಿಲಲ್ಲಿ ನಿಂತು, ಚೌಡಾ, ಉಣ್ಣುಕೆ ಬಾರೋ ಎಂದು ಕೂಗುತ್ತಾರಂತೆ, ಅದು ಮೂರು ಓಣಿ ದಾಟಿ ಕೇಳುತ್ತದಂತೆ. ತಾವು ಹೋಗುತ್ತೀರಂತೆ.