ಕಣ್ಣು ಬಿಟ್ಟ ಗಿರಾಕಿ

ಗಿರಾಕಿ ಮಾತಾಡಬಾರದು, ಅಲುಗಾಡಬಾರದು, ಫೋಟೋ ಕೈಗೆ ಬಂದ ಮೇಲೆ ‘ನನ್ನ ಮೂಗು ಹೀಗಿಲ್ಲ’ ಎಂದು ತಕರಾರು ತೆಗೆಯಬಾರದು ಎಂದು ಆಸೆಪಡದ ಫೋಟೋಗ್ರಾಫರು ಯಾರಿದ್ದಾರೆ? ದೇವರು ನನ್ನ ಈ ಆಸೆಯನ್ನು ಅಕ್ಷರಶಃ ನಡೆಸಿಕೊಟ್ಟ. ನನಗೆ ಸಿಕ್ಕ ಗಿರಾಕಿಗಳಲ್ಲಿ ಹೆಚ್ಚಿನವರು ಸತ್ತವರು.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಶಿರಸಿ ಪೇಟೆಯ ಒಂದು ಅಟ್ಟದ ಮೇಲೆ ಸ್ಟುಡಿಯೋ ತೆರೆದೆ. ಮಾಡಿಗೆ ಗಾಜಿನ ಹಂಚು ಹಾಕಿಸಿ ಬೆಳಕು ಮಾಡಿಕೊಂಡೆ. ಹಿಂದಿನ ಪರದೆಯ ಮೇಲೆ ಅರಮನೆ, ಕೊಳ, ಎರಡು ಹಂಸ ಬರೆಸಿದೆ. ಬರೆದವನು ಹಂಸ ನೋಡಿರಲಿಲ್ಲ. ಬಾತುಕೋಳಿಯನ್ನೂ ಸರಿಯಾಗಿ ನೋಡಿದಂತೆ ಕಾಣಲಿಲ್ಲ. ಹೊಸ ಜೋಡಿಗಳು, ಮೆಟ್ರಿಕ್ ಪಾಸಾದ ಹುಡುಗರು, ಕೂಸು ಎತ್ತಿಕೊಂಡ ತಾಯಂದಿರು ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತಾರೆಂದು ಕಾದೆ. ಹತ್ತಿ ಬಂದವರೆಲ್ಲ ಬೀಡಿಗೆ ಬೆಂಕಿ ಕೇಳಿದರು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ ಅದು. ಆಯುಷ್ಯ ಮುಗಿದವರಿಗೆ ಮಾತ್ರ ಆ ಭಯವಿರಲಿಲ್ಲ.

ಬನವಾಸಿ ಕಡೆಯ ಲಿಂಗಾಯತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತವರ ಫೋಟೋ ತೆಗೆಯುವುದು ಏನು ಕಷ್ಟ? ಮೊದಲ ಕರೆ ಅಲ್ಲಿಂದ ಬಂತು, ಆಮೇಲೆ ಬರುತ್ತಲೇ ಇತ್ತು. ಪಾಪ, ಅವರಲ್ಲಿ ಬಹಳ ಜನರಿಗೆ ಅದೇ ಮೊದಲ ಫೋಟೋ. ಮನೆಯವರ ಬೇಡಿಕೆಯೂ ಒಂದೇ, ಕಣ್ಣು ಬಿಟ್ಟಂತಿರಬೇಕು. ನಾನು ಸಣ್ಣ ಕುಂಚ ಹಿಡಿದು ಫೋಟೋದಲ್ಲಿ ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆಯುತ್ತಿದ್ದೆ. ಅವರ ನಿಜವಾದ ಕಣ್ಣನ್ನು ನಾನೆಲ್ಲಿ ನೋಡಿದ್ದೆ? ನನ್ನ ಕೈಗೆ ಬರುತ್ತಿದ್ದದ್ದು ಒಂದೇ ಜೊತೆ ಕಣ್ಣು. ಹೀಗಾಗಿ ಆ ಸೀಮೆಯ ತೀರಿಕೊಂಡವರೆಲ್ಲ ಗೋಡೆಯ ಮೇಲಿನಿಂದ ಒಂದೇ ರೀತಿ ನೋಡುತ್ತಿದ್ದರು.

ಇದು ಹೀಗೇ ಆದರೆ ಹೆಸರು ಕೆಡುತ್ತದೆಂದು, ಬದುಕಿರುವವರನ್ನು ಹುಡುಕಿಕೊಂಡು ಹೋಗಲು ನಿಶ್ಚಯಿಸಿದೆ. ‘ನಗುಮುಖದ ಭಾವಚಿತ್ರಗಳಿಗೆ’ ಎಂದು ಕರಪತ್ರ ಅಚ್ಚು ಹಾಕಿಸಿ, ಕ್ಯಾಮರಾವನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಿದ್ದಾಪುರ, ಯಲ್ಲಾಪುರ ಸುತ್ತಿದೆ. ನನಗಿಂತ ಮೊದಲು ನನ್ನ ಕೀರ್ತಿ ಅಲ್ಲಿಗೆ ತಲುಪಿತ್ತು. ಹೇರೂರಿನಲ್ಲಿ ನಾನು ಸೈಕಲ್ ಇಳಿಯುವ ಮೊದಲೇ ಒಬ್ಬ ಹೆಂಗಸು ಕೊಡ ಕೆಳಗಿಟ್ಟು, “ಅಯ್ಯೋ, ಯಾರ ಮನೇಲಿ? ಎಂತಾ ಆತು?” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ವಜ್ರಳ್ಳಿಯಲ್ಲಿ ಒಬ್ಬರು ಓಡಿಬಂದು, “ಅಪ್ಪಯ್ಯ ಜ್ವರ ಬಂದು ಮಲಗಿದಾರೆ. ನೀವು ಆಚೆ ದಾರೀಲಿ ಹೋಗಿ ಮಾರಾಯ್ರೇ” ಎಂದು ಕೈಮುಗಿದರು. ಕರಪತ್ರಗಳನ್ನು ಮನೆಗೆ ತಂದೆ. ಹೆಂಡತಿ ಅವನ್ನು ಡಬ್ಬಿಗಳ ಕೆಳಗೆ ಹಾಸಿದಳು. ನಗುಮುಖದ ಮೇಲೆ ಉಪ್ಪಿನಕಾಯಿಯ ಎಣ್ಣೆ ಇಳಿಯಿತು.

ಆ ದಿನಗಳಲ್ಲಿ ಬದುಕಿದ್ದೂ ನನ್ನ ಅಟ್ಟ ಹತ್ತುತ್ತಿದ್ದವರೆಂದರೆ ಬನವಾಸಿ ರಸ್ತೆಯ ಹಳ್ಳಿಯೊಂದರ ಬೆಲ್ಲದ ವ್ಯಾಪಾರಿ ಗುರುಸಿದ್ದಪ್ಪನವರೊಬ್ಬರೇ. ಅವರ ಹೆಂಡತಿ ನೀಲವ್ವ ತೀರಿಕೊಂಡಾಗ ಫೋಟೋ ತೆಗೆದದ್ದು ನಾನೇ. ಸಂತೆಗೆ ಬಂದಾಗಲೆಲ್ಲ ಮೇಲೆ ಬಂದು ಕೂತು, ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಒಂದು ಸಂತೆಯ ದಿನ ಬಂದಾಗ ಮುಖ ಇಳಿದಿತ್ತು, ಅಂಗಿ ಮೈಮೇಲೆ ಜೋತಾಡುತ್ತಿತ್ತು.

“ಡಾಕ್ಟರು ಕೈ ಚೆಲ್ಯಾರ್ರಿ” ಎಂದರು. “ನಂದೊಂದು ಫೋಟೋ ತೆಗೀರಿ. ಬೆಲ್ಲ ಮಾರಾಕ ಹೊಂಟೇನಿ ಅಂತ ಮಗಗ ಸುಳ್ಳು ಹೇಳಿ ಬಂದೇನಿ.”

“ಈಗೇನು ಅವಸರ ಸಾಹುಕಾರ್ರೇ?” ಎಂದೆ. ಗಿರಾಕಿಯನ್ನು ಮುಂದಕ್ಕೆ ಹಾಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

“ಸಿಟ್ಟಾಗಬ್ಯಾಡ್ರಿ. ನೀಲವ್ವನ ಫೋಟೋಕ್ಕ ನೀವು ಬರದ ಕಣ್ಣು ಚಲೋನ ಅದಾವ. ಆದ್ರ ಅವು ನನ್ನ ಗುರ್ತಾ ಹಿಡಿಯಂಗಿಲ್ಲ. ದಿನಾ ಮುಂಜಾನೆ ಎದುರಿಗೆ ನಿಂದರತೇನಿ. ಆಕಿ ಬ್ಯಾರೆ ಎಲ್ಲೋ ನೋಡ್ತಾಳ. ನನ್ನ ಕಣ್ಣರ ನನ್ನವು ಇರಲಿ. ಆಕಿ ಮಗ್ಗಲಕ ತೂಗಹಾಕಿದ್ರ, ನಾನರ ಆಕಿನ್ನ ನೋಡಿಕೋತ ಇರತೇನಿ.”

ಹಂಸದ ಪರದೆ ಸರಿಸಿ, ಬರಿಯ ಗೋಡೆಯ ಮುಂದೆ ಅವರನ್ನು ಕೂರಿಸಿದೆ. ರುಮಾಲು ನೇರ ಮಾಡಿದೆ, ಕೊರಳಿನ ಲಿಂಗದ ದಾರ ಕಾಣುವಂತೆ ಗುಂಡಿ ಬಿಚ್ಚಿದೆ, ಕರಿಬಟ್ಟೆಯೊಳಗೆ ತಲೆ ಹಾಕಿ ಎಲ್ಲ ಹೊಂದಿಸಿದೆ, ಹೊರಬಂದು ಕ್ಯಾಮರಾದ ಬಾಯಿ ತೆರೆಯುವ ರಬ್ಬರ್ ಗುಂಡು ಒತ್ತಿದೆ. ಸಂಜೆ ಪ್ಲೇಟು ತೊಳೆದು ನೋಡಿದರೆ ಗುರುಸಿದ್ದಪ್ಪನವರು ಕಣ್ಣು ಮುಚ್ಚಿದ್ದರು!

ಸಣ್ಣ ಪೇಟೆಯ ಯಾವ ಸ್ಟುಡಿಯೋದವನೂ ಮರೆಯದ ಮಾತನ್ನು ನಾನು ಮರೆತಿದ್ದೆ. ‘ಇಲ್ಲಿ ನೋಡಿ, ಕಣ್ಣು ಮಿಟುಕಿಸಬೇಡಿ’ ಎಂದು ಹೇಳಿಯೇ ಇರಲಿಲ್ಲ. ಅಷ್ಟು ವರ್ಷ ನನ್ನ ಗಿರಾಕಿಗಳಿಗೆ ಆ ಮಾತು ಬೇಕಾಗಿರಲಿಲ್ಲ.

ಮರುದಿನ ಕ್ಯಾಮರಾ ಕಟ್ಟಿಕೊಂಡು ಅವರ ಊರಿಗೆ ಸೈಕಲ್ ತುಳಿದೆ. ಹೊಸ್ತಿಲಲ್ಲೇ ಮಗ ಚನ್ನವೀರ ಎರಡೂ ಕೈ ಅಡ್ಡ ಹಿಡಿದ. “ಯಾರ್ ಕರಿಸ್ಯಾರ್ರಿ ನಿಮ್ಮನ್ನ? ನಮ್ಮಪ್ಪ ಇನ್ನಾ ಅದಾನ!” ಎಂದು ಕೂಗಿದ. ಕೂಗಿದವನ ಕಣ್ಣಲ್ಲಿ ನೀರಿತ್ತು. ಒಳಗಿನಿಂದ ಕೆಮ್ಮು ಬೆರೆತ ನಗು ಕೇಳಿಸಿತು. “ಭಾಳ ಲಗೂ ಬಂದ್ರಲ್ಲ ಫೋಟೋದವರ! ಬರ್ರಿ, ಬರ್ರಿ.”

ಕ್ಯಾಮರಾ ಬಿಚ್ಚುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಚನ್ನವೀರ ದಾರಿ ಬಿಟ್ಟ. ಫೋಟೋ ಅವರ ಕೈಗಿತ್ತು ನಡೆದದ್ದನ್ನು ಹೇಳಿದೆ. ಮಾತು ಕೊಟ್ಟಾಗಿದೆ, ಇನ್ನೊಂದು ತೆಗೆಯುವ ಹಾಗಿಲ್ಲ. “ಕಣ್ಣು ಬರೆದುಕೊಡಲೇ?” ಎಂದು ಕೇಳಿದೆ. ಬೇರೆ ಯಾವ ಕಸುಬು ನನಗೆ ಗೊತ್ತಿತ್ತು?

ಅವರು ಬಹಳ ಹೊತ್ತು ಫೋಟೋ ನೋಡಿದರು. “ಬ್ಯಾಡ್ರಿ. ನೀವು ಬರದ್ರ ಇಬ್ರೂ ಒಬ್ಬರಿಗೊಬ್ಬರು ಗುರ್ತಾ ಇಲ್ಲದವರಾಗತೇವಿ” ಎಂದರು. ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟು, “ಹಿಂಗ ಇರಲಿ. ಕಣ್ಣು ಮುಚ್ಚಿದ್ರ ನನಗ ಆಕಿ ಖರೇ ಕಣ್ಣು ಕಾಣತಾವ” ಎಂದರು.

ಕೆಲವು ದಿನಗಳಲ್ಲಿ ಅವರು ಹೋದರು. ಕ್ಯಾಮರಾ ಇಲ್ಲದೆ ಹೋಗಿ ಜನರ ಹಿಂದೆ ನಿಂತು ಅತ್ತೆ. ಗೋಡೆಯ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿದ್ದರು. ಸತ್ತ ಮೇಲೆ ಫೋಟೋ ತೆಗೆಸಿಕೊಂಡ ನೀಲವ್ವ ಕಣ್ಣು ಬಿಟ್ಟು ಎಲ್ಲೋ ನೋಡುತ್ತಿದ್ದಳು. ಬದುಕಿದ್ದಾಗ ತೆಗೆಸಿಕೊಂಡ ಗುರುಸಿದ್ದಪ್ಪನವರು ಕಣ್ಣು ಮುಚ್ಚಿ ಹೆಂಡತಿಯನ್ನು ನೋಡುತ್ತಿದ್ದರು. ಬಂದ ನೆಂಟರಿಗೆ ಇದು ಹೇಗೆ ತಿಳಿಯಬೇಕು? “ಮುಖದಾಗ ಎಷ್ಟು ಸಮಾಧಾನ ಐತಿ ನೋಡ್ರಿ! ಹೋದ ಮ್ಯಾಲೆ ತೆಗದದ್ದು ಅನ್ನಸೂದೇ ಇಲ್ಲ” ಎಂದು ಒಬ್ಬರು ಹೊಗಳಿದರು. ಇನ್ನೊಬ್ಬರು ನನ್ನ ವಿಳಾಸ ಕೇಳಿದರು. ಚನ್ನವೀರ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಕರಪತ್ರದಿಂದ ಆಗದ ಪ್ರಚಾರ ಆ ಒಂದು ಫೋಟೋದಿಂದ ಆಯಿತು. ಹಾವೇರಿಯ ಕಡೆಯಿಂದಲೂ ಕರೆ ಬರತೊಡಗಿತು. ಕಣ್ಣು ಬರೆಯುವ ಕುಂಚವನ್ನು ಮಾತ್ರ ನಾನು ಮತ್ತೆ ಹಿಡಿಯಲಿಲ್ಲ. ಈಗೀಗ ಬದುಕಿರುವವರೂ ಅಪರೂಪಕ್ಕೆ ಮೆಟ್ಟಿಲು ಹತ್ತುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ‘ಕಣ್ಣು ಬಿಡಿ, ಕಣ್ಣು ಬಿಡಿ’ ಎಂದು ನಾನು ಕೂಗುವ ಕೂಗಿಗೆ ಕೆಳಗಿನ ಅಂಗಡಿಯವರು ಬೈಯುತ್ತಾರೆ. ಗಿರಾಕಿಗಳೇನೋ ಪಾಪ ಕಣ್ಣರಳಿಸಿ ಕೂರುತ್ತಾರೆ. ಗುಂಡು ಒತ್ತುವ ಗಳಿಗೆಗೆ, ಅವರೆಲ್ಲಿ ರೆಪ್ಪೆ ಮುಚ್ಚಿಬಿಡುತ್ತಾರೋ ಎಂದು ಹೆದರಿ, ಕಣ್ಣು ಮುಚ್ಚಿಕೊಳ್ಳುವವನು ಈಗ ನಾನು.