ನಾಲ್ಕು ನಿಂಬೆಹಣ್ಣು, ಒಂದು ಗಂಡಸುತನ

1998ರ ಮೇ 17, ಭಾನುವಾರ. ಆಧಾರ: ನನ್ನ ದಿನಚರಿ. ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು ಆ ವರ್ಷದ ಪಂಚಾಂಗ ತೆಗೆದು ನೋಡಿದ್ದೇನೆ. ಅಂದು ನಂಜನಗೂಡಿನ ದೇವಸ್ಥಾನದ ಮುಂದೆ ನನ್ನ ಮೊದಲ ಕಾರಿಗೆ ಪೂಜೆಯಾಯಿತು. ಶಾಸನಗಳನ್ನು ಓದುತ್ತಲೇ ನಿವೃತ್ತನಾದವನಿಗೆ ಕಾರು ಏಕೆಂದು ಕೇಳಿದವರಿಗೆ, ಸೋಮನಾಥಪುರಕ್ಕೆ ಹೋಗಿಬರಲು ಅನುಕೂಲ ಎನ್ನುತ್ತಿದ್ದೆ. ನಿಜವಾದ ಕಾರಣವನ್ನು ಈಗ ಒಪ್ಪಿಕೊಳ್ಳುತ್ತೇನೆ: ತಿ. ನರಸೀಪುರದ ನನ್ನ ಭಾವಮೈದುನ ಬಸವರಾಜು ಜೀಪು ಇಟ್ಟಿದ್ದ.

ಗಂಡಸು ತನ್ನ ವಾಹನದಲ್ಲಿ ತನ್ನ ಪೌರುಷವನ್ನೇ ಕಾಣುತ್ತಾನೆಂದು ಮನಶ್ಶಾಸ್ತ್ರ ಬಲ್ಲವರು ಹೇಳುವುದುಂಟು. ಉದ್ದನೆಯ ಬಾನೆಟ್ಟು, ಮುಷ್ಟಿಯಲ್ಲಿ ಹಿಡಿಯುವ ಗೇರು, ಇವು ಯಾವುದರ ಸಂಕೇತವೆಂದು ಬಿಡಿಸಿ ಹೇಳಲು ನನ್ನ ವಯಸ್ಸು ಒಪ್ಪುವುದಿಲ್ಲ. ಆದರೆ ನಮ್ಮ ಕಡೆಯ ಪದ್ಧತಿ ಈ ಸಿದ್ಧಾಂತವನ್ನು ತಲೆಕೆಳಗು ಮಾಡುತ್ತದೆ. ಅರ್ಚಕರು ಕಾರಿನ ಹಣೆಗೆ ಅರಿಸಿನ ಕುಂಕುಮವಿಟ್ಟು, ಮಲ್ಲಿಗೆ ಮುಡಿಸಿ, ಆರತಿ ಬೆಳಗಿದರು. ಪೌರುಷಕ್ಕೆ ಯಾರಾದರೂ ಮಲ್ಲಿಗೆ ಮುಡಿಸುತ್ತಾರೆಯೇ? ನನ್ನ ಹೆಂಡತಿ ಗಿರಿಜೆ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸವತಿ ಲಕ್ಷಣವಾಗಿದ್ದಾಳೆ" ಎಂದಳು. ಹಾಗಾಗಿ ಕಾರೆಂದರೆ ನಾನೋ, ನನ್ನ ಎರಡನೆಯ ಸಂಸಾರವೋ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಬಸವರಾಜುವಿಗೆ ಇಂಥ ಸಂದೇಹಗಳಿರಲಿಲ್ಲ. ಜೀಪಿಗೆ ಒರಗಿ ಮೀಸೆ ತೀಡುತ್ತ, "ಏನ್ ಭಾವಾ, ಇದ್ಕೆ ಮೂತಿನೇ ಇಲ್ವಲ್ಲ! ಗಂಡಸ್ರು ಓಡ್ಸೋ ಗಾಡಿಯಾ ಇದು?" ಎಂದ.

ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟಾಗಿತ್ತು. ಅವುಗಳ ಮೇಲೆ ಗಾಡಿ ಹತ್ತಿಸುವುದು ಯಜಮಾನನ ಕೆಲಸ. ಗಿರಿಜೆ ನನ್ನ ಕಿವಿಯ ಬಳಿ, "ರೀ, ನಾನು ಕೂತ್ಕೊಳ್ಲಾ? ನಿಂಬೆಹಣ್ಣಿಗೇನು, ಯಾರು ಹತ್ತಿಸಿದ್ರೂ ಅಪ್ಪಚ್ಚಿಯಾಗುತ್ತೆ" ಎಂದಳು. ನಾವಿಬ್ಬರೂ ಒಂದೇ ಕಡೆ ಡ್ರೈವಿಂಗ್ ಕಲಿತವರು. ಅವಳು ಮೊದಲ ಸಲವೇ ಪಾಸಾದಳು. ನಾನು ಮೂರನೆಯ ಸಲ. ಬಸವರಾಜು ನೋಡುತ್ತಿರುವಾಗ ಸೀಟು ಬಿಟ್ಟುಕೊಟ್ಟರೆ ಮುಂದೆ ಹೆಂಡತಿಯ ತವರಿನ ಊಟದ ಪಂಕ್ತಿಯಲ್ಲಿ ತಲೆಯೆತ್ತಿ ಕೂರುವುದು ಹೇಗೆ? ನಾನೇ ಕೂತೆ.

ಕಾರು ಮುಂದಕ್ಕೊಮ್ಮೆ ಜಿಗಿದು, ಹಣ್ಣು ಹತ್ತದೆ ಆಫಾಯಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಸುತ್ತಲೂ ಜನ ಸೇರಿದರು. ಹೂ ಮಾರುವ ಮುದುಕಿ ಬುಟ್ಟಿ ಕೆಳಗಿಟ್ಟು, "ಜೋರ್ ಮಾಡ್ಬ್ಯಾಡಿ ಸಾ, ಮೆಲ್ಲಗೆ ಕಾಲೆತ್ತಿ. ಒಸ ಎಂಡ್ತಿ ಅತ್ರಾನೂ ಇಂಗೇ ನುಗ್ಗಿದ್ರಾ?" ಎಂದಳು. ಜನರೆಲ್ಲ ನಕ್ಕರು, ಎಲ್ಲರಿಗಿಂತ ಹೆಚ್ಚು ನಕ್ಕವಳು ಈ ವಿಷಯದಲ್ಲಿ ಅಧಿಕೃತವಾಗಿ ಸಾಕ್ಷಿ ಹೇಳಬಲ್ಲ ಗಿರಿಜೆ.

ನಾಲ್ಕನೆಯ ಸಲ ಹಲ್ಲು ಕಚ್ಚಿ ಕ್ಲಚ್ಚು ಬಿಟ್ಟೆ. ನಾಲ್ಕೂ ಹಣ್ಣು ಪಚಕ್ಕನೆ ಒಡೆದವು, ಬಸವರಾಜುವಿನ ಕೈ ಮೀಸೆಯಿಂದ ಕೆಳಗಿಳಿಯಿತು. ಈ ವಿಜಯವನ್ನು ಹಲವು ವರ್ಷ ಹಲವರಿಗೆ ಹೇಳಿದ್ದೇನೆ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಗಿರಿಜೆಗೆ ಓದಿ ಹೇಳಿದೆ. ಅವಳು ಒಳಗೆ ಹೋಗಿ, ಬೀರುವಿನ ಸೀರೆಗಳ ನಡುವಿನಿಂದ ಒಂದು ಫೋಟೋ ತಂದು, "ಇದನ್ನೂ ತಾಳೆ ನೋಡಿಬಿಡಿ" ಎಂದಳು. ದೇವಸ್ಥಾನದ ಮುಂದಿನ ಫೋಟೋಗ್ರಾಫರ್ ತೆಗೆದದ್ದು. ಹಿಂಬದಿಯ ಮೊಹರಿನಲ್ಲಿ ಅದೇ ತಾರೀಖು. ನಾಲ್ಕನೆಯ ಸಲಕ್ಕೆ ಬ್ಯಾಟರಿ ಕೂತುಹೋಗಿದ್ದಿರಬೇಕು. ಚಿತ್ರದಲ್ಲಿ ಸ್ಟೀರಿಂಗ್ ಹಿಡಿದು ನಗುತ್ತ ಕುಳಿತವಳು ಗಿರಿಜೆ. ಹಿಂದೆ ಪಂಚೆ ಎತ್ತಿಕಟ್ಟಿ ಕಾರು ದೂಡುತ್ತಿರುವ ಇಬ್ಬರು ಗಂಡಸರಲ್ಲಿ ಒಬ್ಬನಿಗೆ ಮೀಸೆಯಿದೆ. ಇನ್ನೊಬ್ಬನ ಮುಖ ಕಾಣುವುದಿಲ್ಲ. ಬೋಳುತಲೆಯ ಆಧಾರದಿಂದ ಅವನು ನಾನೆಂದು ಊಹಿಸಬಹುದಾದರೂ, ಖಚಿತವಾಗಿ ನಿರ್ಣಯಿಸಲು ಹೆಚ್ಚಿನ ಪುರಾವೆ ಬೇಕು.