ಕಡೂರು ಬಂದಾಗ ಇಳಿಸ್ಕೋ

ಹಳೇಬೀಡಿಗೆ ರೈಲು ತಂದವರು ನಮ್ಮ ಯಜಮಾನರು.

ನೀವು ಹುಬ್ಬೇರಿಸುತ್ತೀರೆಂದು ಗೊತ್ತು. ಹಳೇಬೀಡಿಗೆ ಇವತ್ತಿಗೂ ಬರುವುದು ಬಸ್ಸು ಮಾತ್ರ. ಕೆರೆ ಏರಿಯ ಮೇಲೆ ನಿಂತು ಎಷ್ಟು ಕಿವಿಗೊಟ್ಟರೂ ರೈಲಿನ ಸದ್ದು ಕೇಳುವುದಿಲ್ಲ. ಆದರೂ ಅರವತ್ತರ ದಶಕದಲ್ಲಿ, ಸೀಬೆಹಣ್ಣಿನ ಕಾಲ ಬಂದರೆ ಸಾಕು, ನಮ್ಮ ಹೆಂಚಿನ ಮನೆಯ ಅಡುಗೆಮನೆಯಿಂದ ತಪ್ಪದೆ ಗಾಡಿ ಹೊರಡುತ್ತಿತ್ತು. ಬಾಣಾವರ, ದೇವನೂರು, ಕಡೂರು. ಡ್ರೈವರು, ಗಾರ್ಡು, ಸ್ಟೇಷನ್ ಮಾಸ್ತರು ಎಲ್ಲವೂ ಅವರೇ. ಪ್ಯಾಸೆಂಜರು ನಾನೊಬ್ಬಳು.

ಅವರ ಹೆಸರು ಹೇಳುವುದಿಲ್ಲ. ಬದುಕಿರುವಾಗ ಹೇಳಿದವಳಲ್ಲ. ಈಗ ಹೇಳಿದರೆ "ಏನೇ, ಕರೆದ್ಯಾ?" ಎಂದು ಎದ್ದು ಬಂದರೆ ಏನು ಮಾಡಲಿ? ಬಂದರೆ ಒಳ್ಳೆಯದೇ ಅನ್ನಿ. ಬರುವುದಿಲ್ಲವೆಂಬುದು ಈ ಕೆಲವು ತಿಂಗಳಲ್ಲಿ ಚೆನ್ನಾಗಿ ತಿಳಿದಿದೆ.

ಅವರು ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಊರಿನಲ್ಲಿ ರೈಲಿಲ್ಲದ ಕಾರಣಕ್ಕೋ ಏನೋ, ರೈಲೆಂದರೆ ಪ್ರಾಣ. ಮಕ್ಕಳಿಗೆ ಮಗ್ಗಿಯ ಹಾಗೆ ಸ್ಟೇಷನ್ನುಗಳ ಬಾಯಿಪಾಠ. ದೇವಸ್ಥಾನ ನೋಡಲು ಬಂದ ಪರಸ್ಥಳದವರು ಇವರನ್ನು ದಾರಿ ಕೇಳಿದರೆ ಕೆಟ್ಟರು. ಶಿಲ್ಪ ನೋಡುವುದಕ್ಕೆ ಮೊದಲು ಅರಸೀಕೆರೆಯಿಂದ ಯಾವ ಗಾಡಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಬದಲಾಯಿಸಬೇಕು ಎಂಬುದನ್ನೆಲ್ಲ ತಿಳಿದುಕೊಂಡು ಹೋಗಬೇಕಾಗುತ್ತಿತ್ತು. ನನ್ನನ್ನು ಒಪ್ಪಿದ್ದೂ ಅರಸೀಕೆರೆ ಜಂಕ್ಷನ್ನಿನ ಹುಡುಗಿ ಎಂಬ ಒಂದೇ ಕಾರಣಕ್ಕೆ ಎಂದು ನನ್ನ ಅನುಮಾನ. ಹೆಣ್ಣು ನೋಡಲು ಬಂದ ದಿನ ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಅವರ ಅಮ್ಮ ಕೇಳುತ್ತಿದ್ದರೆ, ಇವರು ಬಾಯಿ ತೆರೆದು ಕೇಳಿದ್ದು ಒಂದೇ ಪ್ರಶ್ನೆ: "ಈ ಮನೆಗೆ ಗಾಡಿ ಕೂಗೋದು ಕೇಳುತ್ತಾ?"

ಕೇಳದೆ ಏನು? ನಮ್ಮಪ್ಪ ರೈಲ್ವೆ ಗುಮಾಸ್ತರು. ಗಾಡಿ ಕೂಗಿದರೆ ಏಳುವುದು, ಗಾಡಿ ಕೂಗಿದರೆ ಮಲಗುವುದು. ನಮಗೆ ಜ್ವರ ಬಂದು ಬಿಟ್ಟಾಗ ಅಪ್ಪ ಸ್ಟೇಷನ್ನಿನಿಂದ ಬ್ರೆಡ್ಡು, ಕೆಂಪು ಜಾಮು ತರುತ್ತಿದ್ದರು. ಅದಕ್ಕಾಗಿ ಜ್ವರ ಬರಲೆಂದು ಕಾಯುತ್ತಿದ್ದವರೂ ನಾವೇ.

ಮದುವೆಯಾದ ಮೇಲೆ ಒಂದು ಸಲ ನಿಜವಾಗಿಯೇ ಬಂತು. ವಿಷಮಶೀತ ಜ್ವರ. ಜ್ವರ ಇಳಿಯಿತು, ಬಾಯಿರುಚಿ ಮಾತ್ರ ಬರಲಿಲ್ಲ. ಗಂಜಿ ಕಂಡರೆ ಹೊಟ್ಟೆ ತೊಳೆಸುವುದು, ಸಾರನ್ನ ತುಟಿ ದಾಟುತ್ತಿರಲಿಲ್ಲ. ಕೈಬಳೆ ಮೊಣಕೈ ತನಕ ಸರಿದಾಡುವ ಹಾಗಾಯಿತು. ಬೇಲೂರಿನ ಡಾಕ್ಟರು ಇವರನ್ನು ಹೊರಗೆ ಕರೆದು ಹೇಳಿದ್ದು ನನಗೆ ಒಳಗೇ ಕೇಳಿಸಿತು. "ಇನ್ನು ನನ್ನ ಹತ್ತಿರ ಕೊಡೋದೇನೂ ಇಲ್ಲ ಮೇಷ್ಟ್ರೇ. ತಿಂದರೆ ಉಳೀತಾರೆ."

ಇವರು ಒಳಗೆ ಬಂದು ನನ್ನ ಹಾಸಿಗೆಯ ಪಕ್ಕ ಕೂತರು. "ಏನು ತಿನ್ತೀಯ, ಹೇಳು."

"ಏನೂ ಬೇಡ."

"ಏನೂ ಬೇಡ ಅನ್ನೋದು ಯಾವ ಅಂಗಡೀಲೂ ಸಿಗಲ್ಲ. ಸಿಗೋದನ್ನ ಹೇಳು."

ನಾನು ಜಾಮು ಎಂದೆ. ಅಷ್ಟೇ ಸಾಕಾಯಿತು. ಮಾರನೆಯ ದಿನವೇ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ ಒಂದು ಡಬ್ಬಿ ಜಾಮು ತಂದರು. ಅದು ಬಾಗಿಲಲ್ಲೇ ನಿಂತಿತು. ನಮ್ಮ ಅತ್ತೆ ಬೇಲೂರಿನವರು, ದೇವಸ್ಥಾನದ ಅಡುಗೆಯ ಮನೆತನದಲ್ಲಿ ಹುಟ್ಟಿದವರು. ಯಾರೋ ಎಲ್ಲೋ ಬೇಯಿಸಿ ಡಬ್ಬಿಯಲ್ಲಿ ಮುಚ್ಚಿದ್ದು ಅವರ ಹೊಸ್ತಿಲು ದಾಟುವುದುಂಟೆ?

"ಯಾರು ಮಾಡಿದ್ದೋ ಇದು?"

"ಕಾರ್ಖಾನೇಲಿ ಮಾಡ್ತಾರಮ್ಮ."

"ಕಾರ್ಖಾನೆ ಯಾರ ಮಗಳು? ಸ್ನಾನ ಮಾಡಿದ್ಲೋ ಇಲ್ವೋ?"

"ಹಾಗಾದ್ರೆ ಮನೇಲೇ ಮಾಡಿದ್ರೆ ಇವಳು ತಿನ್ನಬಹುದಾ?"

"ಮನೇಲಿ ಮಾಡಿದ್ರೆ ನಾನೂ ತಿಂತೀನಿ" ಎಂದರು ಅತ್ತೆ, ಆಗದ ಮಾತೆಂಬ ಧೈರ್ಯದಲ್ಲಿ.

ಮಗನ ಸ್ವಭಾವ ಹೆತ್ತ ತಾಯಿಗೇ ಗೊತ್ತಿರಲಿಲ್ಲ ನೋಡಿ. ಹೊಸ ಸೈಕಲ್ಲು ಕೊಳ್ಳುತ್ತೇನೆಂದು ವರ್ಷದಿಂದ ಹೇಳುತ್ತಿದ್ದವರು ಮುಂದಿನ ಭಾನುವಾರ ಮತ್ತೆ ಅರಸೀಕೆರೆಗೆ ಹೋದರು, ಪ್ರೆಷರ್ ಕುಕ್ಕರ್ ಹೊತ್ತುಕೊಂಡು ಬಂದರು. ಹಣ್ಣು ಅದರಲ್ಲಾದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಬೇಯುತ್ತದೆಂದು ಅಂಗಡಿಯವನು ಹೇಳಿದ್ದನಂತೆ. ಜಾವಗಲ್ಲಿನ ಗುಂಡಿಗಳಲ್ಲಿ ಬಸ್ಸು ಕುಣಿಯುತ್ತಿದ್ದರೂ ಅದನ್ನು ತೊಡೆಯಿಂದ ಇಳಿಸಿರಲಿಲ್ಲ. ಕಂಡಕ್ಟರು ಕೇಳಿದನಂತೆ, "ಏನ್ ಮೇಷ್ಟ್ರೇ, ದೇವರ ಪೆಟ್ಟಿಗೇನಾ?"

"ಅಲ್ಲಪ್ಪ, ಎಂಜಿನ್ನು."

ಮೊದಲ ಸಲ ಅದು ಕೂಗಿದಾಗ ಅತ್ತೆ ದೇವರಮನೆಗೆ ಓಡಿದರು. ಪಕ್ಕದ ಮನೆಯ ಹಸು ಹಗ್ಗ ಕಿತ್ತುಕೊಂಡಿತು. ಇವರು ಮಾತ್ರ ನನ್ನ ಹಾಸಿಗೆಯ ಹತ್ತಿರ ಬಂದು, ಕಣ್ಣರಳಿಸಿ, "ಕೇಳಿಸ್ತಾ? ನಿಮ್ಮೂರಿಂದ ಗಾಡಿ ಹೊರಟಿದೆ. ಇದು ಬಾಣಾವರ" ಎಂದರು. ಎರಡನೆಯ ಕೂಗಿಗೆ "ದೇವನೂರು." ಮೂರನೆಯದಕ್ಕೆ "ಕಡೂರು, ಇಳೀರಿ ಇಳೀರಿ" ಎಂದು ತಾವೇ ಓಡಿಹೋಗಿ ಇಳಿಸಿದರು. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕೂಗು, ಎರಡು ಕೂಗು ಎಂಬ ಲೆಕ್ಕವೇ ಹೋಯಿತು. ಬೇಳೆಗೆ ದೇವನೂರು. ಸೀಬೆಗೆ ಕಡೂರು.

ಆ ಮೊದಲ ಜಾಮು ಹೇಗಿತ್ತೆಂದು ಕೇಳಬೇಡಿ. ಸೀಬೆಯ ಬೀಜ ಸೋಸಬೇಕೆಂಬುದು ಅವರ ಭೂಗೋಳದಲ್ಲಿರಲಿಲ್ಲ. ಅತ್ತೆ ಒಂದು ಚಮಚ ಬಾಯಿಗಿಟ್ಟು, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಕಟಕಟ ಎನಿಸಿ, "ರುಚಿಯಾಗಿದೆ ಕಣೋ, ಕೆರೆ ಮರಳಿಗೆ ಬೆಲ್ಲ ಹಾಕಿದ್ಯಾ?" ಎಂದರು. ಎರಡನೆಯ ಸಲ ಬೀಜ ಸೋಸಿದರು, ತಮ್ಮ ಒಗೆದ ಪಂಚೆಯಲ್ಲಿ. ಜಾಮು ನೀರಾಯಿತು, ಪಂಚೆ ಗುಲಾಬಿಯಾಯಿತು. ಅದನ್ನೇ ಉಟ್ಟು ಸ್ಕೂಲಿಗೆ ಹೋದರು. ಹೆಡ್ ಮಾಸ್ಟರು ಕೇಳಿದ್ದಕ್ಕೆ "ಪ್ರಯೋಗ ನಡೀತಿದೆ ಸಾರ್" ಎಂದರಂತೆ.

ಬಿಟ್ಟುಬಿಡಿ ಎಂದು ನಾನೇ ಹೇಳಿದೆ. "ನೀನು ತಿನ್ನೋ ತನಕ ಬಿಡಲ್ಲ" ಎಂದರು. ಜಗಳದ ದನಿಯಲ್ಲೇ ಹೇಳಿದರು.

ಮೂರನೆಯ ಸಲಕ್ಕೆ ಅತ್ತೆಯೂ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಮಗನ ಮೇಲಿನ ಮರುಕವೋ, ನನ್ನ ಮೇಲಿನದೋ, ಅಡುಗೆಮನೆ ಕೈತಪ್ಪಿದ ಸಂಕಟವೋ ಗೊತ್ತಿಲ್ಲ. "ಬರೀ ಸೀಬೆ ಶೀತ ಕಣೋ, ಜ್ವರದಿಂದ ಎದ್ದವಳಿಗೆ ಆಗಲ್ಲ" ಎಂದು ಒಣಶುಂಠಿ, ಮೆಣಸು, ಲವಂಗ, ಚಕ್ಕೆ ಕುಟ್ಟಿ ಇಟ್ಟರು. ಹಣ್ಣು ಹೆಚ್ಚಿ, ಕುಕ್ಕರಿಗೆ ಹಾಕಿ, ಸ್ಟವ್ವಿಗೆ ಗಾಳಿ ಹೊಡೆದು ಕೂತಿದ್ದಾಗಲೇ ಸ್ಕೂಲಿನ ಜವಾನ ಬಂದು ಹೆಡ್ ಮಾಸ್ಟರು ಕರೆಯುತ್ತಾರೆ ಎಂದ. ಇವರು ಅಂಗಿ ತೊಡುತ್ತಲೇ ಅಮ್ಮನಿಗೆ ಕೂಗಿ ಹೇಳಿದರು: "ಅಮ್ಮಾ, ಕಡೂರು ಬಂದ ತಕ್ಷಣ ಇಳಿಸ್ಕೋ. ಮರೀಬೇಡ."

ಅತ್ತೆಯ ಒಬ್ಬಳೇ ತಂಗಿಯನ್ನು ಕೊಟ್ಟಿದ್ದು ಕಡೂರಿಗೆ. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ರೈಲನ್ನೇ ಹತ್ತದ ಆ ಮುದುಕಿಗೆ ಬಾಣಾವರವೆಲ್ಲಿ, ದೇವನೂರೆಲ್ಲಿ? ನಾನೂ ಇವರೂ ಆಡಿಕೊಳ್ಳುವ ಮಾತು ಜ್ವರದ ಬಡಬಡಿಕೆ ಎಂದೇ ತಿಳಿದಿದ್ದರಂತೆ.

ಬಾಣಾವರ ಕೂಗಿತು. ದೇವನೂರು ಕೂಗಿತು. ಕಡೂರು ಕೂಗಿತು. ಅಡುಗೆಮನೆಯಲ್ಲಿ ಯಾರ ಸುಳಿವೂ ಇಲ್ಲ. ನಾಲ್ಕನೆಯ ಕೂಗೂ ಆಗಿ ಗಾಡಿ ಬೀರೂರು ದಾಟಿತು. ಬೀರೂರಿನಲ್ಲಿ ದಾರಿ ಒಡೆಯುತ್ತದೆ. ಇದು ಹುಬ್ಬಳ್ಳಿ ಕಡೆಗೋ ಶಿವಮೊಗ್ಗ ಕಡೆಗೋ ಎಂದು ದಿಗಿಲಾಗಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕರೆದೆ.

"ಅತ್ತೇ, ಕಡೂರು ಹೋಯ್ತು!"

ಜಗಲಿಯಿಂದ ಅತ್ತೆಯ ದನಿ ಬಂತು. "ಹೋದ್ರಾ? ಯಾವಾಗ ಬಂದ್ರೇ? ಅವನು ಗಂಟುಮೂಟೆ ಇಳಿಸ್ಕೋ ಅಂದ ಅಂತ ಬಸ್ಸಿನ ದಾರೀನೇ ನೋಡ್ಕೊಂಡು ಇಲ್ಲೇ ಕೂತಿದೀನಲ್ಲೇ. ಹೊಸ್ತಿಲ ತನಕ ಬಂದು ಒಡಹುಟ್ಟಿದೋಳ ಮುಖ ನೋಡದೆ ಹೋದ್ಲಾ ಅವಳು?"

ನಾನು ಉತ್ತರ ಕೊಡುವುದರೊಳಗೆ ಕುಕ್ಕರೇ ಕೊಟ್ಟಿತು. ಮುಚ್ಚಳದ ಬಿರಡೆ ಹಾರಿ, ಸೀಬೆಯೆಲ್ಲ ಹೆಂಚಿಗೆ ಹಾರಿ, ಅಲ್ಲಿಂದ ನಿಧಾನವಾಗಿ ತೊಟ್ಟಿಕ್ಕತೊಡಗಿತು. ಅತ್ತೆ ಬಾಗಿಲಲ್ಲಿ ನಿಂತು ಮೇಲೆ ನೋಡಿದರು, ಕೆಳಗೆ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಕಡೂರು ಅಂದ್ರೆ ಇದೇನೇ?"

ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಹೊಟ್ಟೆ ಹಿಡಿದುಕೊಂಡು, ಕೆಮ್ಮಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅತ್ತೆಯೂ ಕೂತು ನಗತೊಡಗಿದರು. ಸದ್ದು ಕೇಳಿ ಸ್ಕೂಲಿನಿಂದ ಓಡಿಬಂದ ಇವರು ಹೆಂಚನ್ನೂ ನೋಡಲಿಲ್ಲ, ಕುಕ್ಕರನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತ ನಿಂತು, "ಅಮ್ಮಾ, ಇವಳು ನಗ್ತಿದಾಳೆ" ಎಂದರು, ಅದು ಯಾರಿಗೂ ಕಾಣದ ಸಂಗತಿಯೇನೋ ಎಂಬಂತೆ.

ತಳದಲ್ಲಿ ಉಳಿದಿದ್ದಷ್ಟನ್ನು ಸೋಸಿ, ಬೆಲ್ಲ ಹಾಕಿ, ಅತ್ತೆಯ ಪುಡಿ ಬೆರೆಸಿ ಬಾಣಲೆಯಲ್ಲಿ ಕಾಯಿಸಿದರು. ಹಳೇಬೀಡಿನಲ್ಲಿ ಬ್ರೆಡ್ಡೆಲ್ಲಿ? ದೋಸೆಗೆ ಸವರಿ ಕೊಟ್ಟರು. ಸ್ವಲ್ಪ ಸೀದಿತ್ತು. ನಾಲಿಗೆಗೆ ಖಾರ ತಗಲಿತು, ಆಮೇಲೆ ಸಿಹಿ, ಆಮೇಲೆ ಸೀಬೆ. ಒಂದು ದೋಸೆ ಮುಗಿಯಿತು. ಇವರು ಸೌಟು ಹಿಡಿದೇ ಕೇಳಿದರು: "ಇನ್ನೊಂದು ಹಾಕ್ಲಾ?"

ಹೂಂ ಎಂದೆ. ಎರಡನೆಯ ದೋಸೆಗೂ ಹಿಟ್ಟನ್ನು ಅವರೇ ಹುಯ್ದರು.

ಇಲ್ಲಿಗೆ ಮುಗಿಯಬೇಕಿತ್ತಲ್ಲವೆ? ಮುಗಿಯಲಿಲ್ಲ. ಬೆಲ್ಲ, ಶುಂಠಿ, ಮೆಣಸು ಸೇರಿ ಆ ಜಾಮು ಕಪ್ಪಗಾಗಿತ್ತು. ಕಂಡವರೆಲ್ಲ ಅದನ್ನು ಲೇಹ್ಯ ಎಂದರು. ಕಡ್ಡಿಯ ಹಾಗಿದ್ದ ನಾನು ಅದನ್ನು ತಿಂದೇ ಎದ್ದು ಓಡಾಡತೊಡಗಿದ್ದು ಬೀದಿಗೆಲ್ಲ ಗೊತ್ತಾಯಿತು. ಮಾದಿಹಳ್ಳಿಯಿಂದ ಹಾಲು ತರುತ್ತಿದ್ದ ಪುಟ್ಟಕ್ಕ ಗಂಡನ ಕೆಮ್ಮಿಗೆಂದು ಸ್ವಲ್ಪ ಒಯ್ದಳು. ಮುಂದಿನ ವಾರ ಒಂದು ಬುಟ್ಟಿ ಸೀಬೆ ತಂದು ಜಗಲಿಯ ಮೇಲಿಟ್ಟಳು.

"ನಿಮ್ ಲೇಯ ಬೋ ಚೆಂದಾಗೈತೆ ಮೇಷ್ಟ್ರೇ. ಕೆಮ್ಮು ಕಿತ್ಕೊಂಡ್ ಹೋಯ್ತು. ಇನ್ನೊಸಿ ಕೊಡಿ."

"ಅದು ಲೇಹ್ಯ ಅಲ್ಲ ಪುಟ್ಟಕ್ಕ, ಜಾಮು. ಔಷಧಿ ಅಲ್ಲ, ತಿಂಡಿ. ಖುಷಿಗೆ ತಿನ್ನೋದು."

"ಆಗ್ಲೇಳಿ, ಹೆಸರೇನಾರಾ ಇರ್ಲಿ. ಊಟಕ್ ಮುಂಚೆನೋ, ಆಮೇಲೋ?"

ಇವರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲಿನ ವರ್ಷಗಳಲ್ಲಿ ಬಾಣಂತಿಯರ ಮನೆಯಿಂದ ಬಟ್ಟಲು ಬರುತ್ತಿತ್ತು. ಮಾಲೇಕಲ್ಲು ಬೆಟ್ಟ ಹತ್ತಿ ಕಾಲು ನೋಯಿಸಿಕೊಂಡವರೊಬ್ಬರು ಮಂಡಿಗೆ ಹಚ್ಚಬಹುದೇ ಎಂದೂ ಕೇಳಿದರು. ಪ್ರತಿಯೊಬ್ಬರಿಗೂ ಇವರು ಜಾಮು ಎಂದು ತಿದ್ದಿಯೇ ಕೊಡುತ್ತಿದ್ದರು. ಬಾಯಿ ಬಿಟ್ಟು ಜಾಮು ಎಂದವರಿಗೆ ಒಂದು ಚಮಚ ಹೆಚ್ಚು. ಯಾರೂ ಅನ್ನಲಿಲ್ಲ. ಕಟ್ಟಿಕೊಂಡ ನಾನೇ "ಲೇಹ್ಯ ಮುಗೀತು ಕಣ್ರೀ" ಎನ್ನುತ್ತಿದ್ದೆ. ಅವರು ಸಿಡುಕುವುದು ನೋಡಲು ಚೆನ್ನಾಗಿರುತ್ತಿತ್ತು.

ಕಳೆದ ಬೇಸಗೆಯಲ್ಲಿ ಅವರು ಹಾಸಿಗೆ ಹಿಡಿದರು. ಗಂಜಿ ಬೇಡ, ಹಾಲು ಬೇಡ. ಈಗ ಪಕ್ಕದಲ್ಲಿ ಕೂತು ಏನು ತಿನ್ನುತ್ತೀರೆಂದು ಕೇಳುವ ಸರದಿ ನನ್ನದು. ಒಂದು ಮಧ್ಯಾಹ್ನ ಕಣ್ಣು ತೆರೆದು, ಗೋಡೆಯ ಕಪಾಟಿನ ಕಡೆ ನೋಡಿ ಹೇಳಿದರು: "ಒಂಚೂರು ಲೇಹ್ಯ ಇದ್ರೆ ಕೊಡೇ."

ಇಷ್ಟು ವರ್ಷ ಹೋರಾಡಿದ ಮನುಷ್ಯ. ನಾನು ಬಿಡಲಿಲ್ಲ. "ಊಟಕ್ ಮುಂಚೆನೋ, ಆಮೇಲೋ?" ಎಂದೆ.

ಸದ್ದಿಲ್ಲದೆ ನಕ್ಕರು. ಚಮಚದ ತುದಿಯಲ್ಲಿದ್ದಷ್ಟನ್ನು ನೆಕ್ಕಿ, "ಜಾಮು ಚೆನ್ನಾಗಿದೆ" ಎಂದರು. ಅದೇ ವಾರ ಹೋದರು.

ಅವತ್ತಿನಿಂದ ನನಗೂ ಅನ್ನ ಸೇರುತ್ತಿರಲಿಲ್ಲ. ಮಗಳು ಬಂದು ಇದ್ದಷ್ಟು ದಿನವೂ ಎದುರಿಗೆ ತಟ್ಟೆ ಇಟ್ಟು ಕೂತಳು, ಗದರಿದಳು, ಅತ್ತಳು, ಊರಿಗೆ ಹೋದಳು. ಮೊನ್ನೆ ಪುಟ್ಟಕ್ಕ ಬಂದಿದ್ದಳು. ಈಗ ಅವಳೂ ಮುದುಕಿ, ಹಾಲಿನ ವ್ಯಾಪಾರ ಬಿಟ್ಟು ಬಹಳ ಕಾಲವಾಯಿತು. ಜಗಲಿಯ ಮೇಲೆ ಸೀಬೆಯ ಬುಟ್ಟಿ ಇಳಿಸಿ, ನನ್ನ ಕೈ ಹಿಡಿದು ನೋಡಿ, "ಏನವ್ವ ಹಿಂಗ್ ಸೊರಗಿದ್ದೀಯ. ಈ ಸತಿ ಜಾಮು ಮಾಡಾಕಿಲ್ವಾ?" ಎಂದಳು.

ಜಾಮು ಎಂದಳು. ಕೇಳಬೇಕಾದವರು ಇರಲಿಲ್ಲ. ಅವರ ಪರವಾಗಿ ಒಂದು ಚಮಚ ಹೆಚ್ಚು ಕೊಡಬೇಕಲ್ಲ, ಅದಕ್ಕಾದರೂ ಮಾಡಬೇಕಾಯಿತು. ಎದ್ದು ಹಣ್ಣು ಹೆಚ್ಚಿದೆ. ಶುಂಠಿ, ಮೆಣಸು ಕುಟ್ಟಿದೆ. ಎಷ್ಟೋ ಸಲ ರಬ್ಬರು ಬದಲಾಯಿಸಿದ ಅದೇ ಹಳೆಯ ಕುಕ್ಕರನ್ನು ಒಲೆಗಿಟ್ಟು ಪಕ್ಕದಲ್ಲಿ ಕೂತೆ. ಬಾಣಾವರ ಕೂಗಿತು. ಒಳಗಿನಿಂದ ಯಾರೂ ಏನೂ ಅನ್ನಲಿಲ್ಲ. ದೇವನೂರು ಕೂಗಿತು. ಕಡೂರು ಕೂಗಿದಾಗ ಕೈ ತಾನಾಗಿ ಮುಂದೆ ಹೋಯಿತು. ಇಳಿಸಲು ಮನಸ್ಸು ಬರಲಿಲ್ಲ.

ಬೀರೂರಿನ ತನಕ ಹೋಗಲಿ ಎಂದು ಬಿಟ್ಟೆ.

ತಳ ಸ್ವಲ್ಪ ಹಿಡಿಯಿತು. ದೋಸೆಗೆ ಸವರಿಕೊಂಡು ತಿಂದೆ. ಎರಡನೆಯ ದೋಸೆಗೆ ಹಿಟ್ಟನ್ನು ನಾನೇ ಹುಯ್ದುಕೊಂಡೆ.